ಫ್ರೀಜರ್ ಸರಿ ಇದೆ, ಕೆಳಗೆ ತಂಪಿಲ್ಲ, ಫ್ಯಾನ್ ನಿಂತಿದೆ

ಪ್ರಶ್ನೆ: 260 ಲೀಟರ್ ಡಬಲ್ ಡೋರ್ ಫ್ರಿಜ್, ಫ್ರಾಸ್ಟ್ ಫ್ರೀ (ಐಸ್ ತಾನಾಗಿಯೇ ಕರಗಿಸಿಕೊಳ್ಳೋದು). ಮೇಲೆ ಐಸ್ ಕಟ್ಟುತ್ತೆ, ಕೆಳಗಿಟ್ಟ ಹಾಲು ಒಡೆಯುತ್ತಿದೆ. ಮೂರು ದಿನ ಕರಕರ ಅಂತಿದ್ದ ಫ್ಯಾನ್ ಈಗ ಸದ್ದೇ ಮಾಡ್ತಿಲ್ಲ. ಮೋಟಾರ್ ಬದಲಿಸಬೇಕಾ?

ಉತ್ತರ 1: ಈಗಲೇ ಮೋಟಾರ್ ತರಬೇಡಿ. ಫ್ರೀಜರ್‌ನ ತಂಪು ಗಾಳಿಯನ್ನು ಕೆಳಗೆ ತಳ್ಳೋದು ಈ ಫ್ಯಾನೇ, ಅದು ನಿಂತರೆ ಕೆಳಗೆ ತಂಪಿರಲ್ಲ. ಕರಕರ ಅಂದು ನಿಂತಿದೆ ಅಂದ್ರೆ ರೆಕ್ಕೆಗೆ ಐಸ್ ತಗುಲಿ ಜಾಮ್ ಆಗಿರೋದೇ ಹೆಚ್ಚು. ಬಾಗಿಲು ತೆಗೆದಾಗ ಫ್ಯಾನ್ ನಿಲ್ಲೋದು ಸಹಜ. ಹಾಗಾಗಿ ಕಂಪ್ರೆಸರ್ ಓಡುವಾಗ ಡೋರ್ ಸ್ವಿಚ್ ಒತ್ತಿ ಹಿಡಿದು ಕಿವಿಗೊಡಿ. ಆಗಲೂ ತಿರುಗದಿದ್ದರೆ ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 12ರಿಂದ 24 ಗಂಟೆ ಬಿಡಿ, ಕೆಳಗೆ ಹಳೇ ಟವೆಲ್ ಹಾಸಿ. ಚಾಕುವಿನಿಂದ ಐಸ್ ಕೆದಕಲೇಬೇಡಿ. ಅಲ್ಯೂಮಿನಿಯಂ ಕಾಯಿಲ್ ತೂತಾದರೆ ಗ್ಯಾಸೆಲ್ಲ ಹೋಗುತ್ತೆ.

ಉತ್ತರ 2: ಕರಗಿಸಿದ ಮೇಲೆ ಹದಿನೈದು ದಿನದೊಳಗೆ ಮತ್ತೆ ಅದೇ ಆದರೆ ಡಿಫ್ರಾಸ್ಟ್ (ಹೀಟರ್‌ನಿಂದ ಆಗಾಗ ಐಸ್ ಕರಗಿಸೋ ವ್ಯವಸ್ಥೆ) ಕೈಕೊಟ್ಟಿರಬಹುದು. ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. 150 ವ್ಯಾಟ್ ಹೀಟರ್ ಸುಮಾರು 350 ಓಮ್ ತೋರಿಸಬೇಕು, ಥರ್ಮಲ್ ಫ್ಯೂಸ್ (ಅತಿ ಬಿಸಿಯಾದರೆ ಹೀಟರ್‌ನ ಕರೆಂಟ್ ಕಡಿಯೋದು) ಸೊನ್ನೆ ಹತ್ತಿರ. ಬೈಮೆಟಲ್ (ತಣ್ಣಗಿದ್ದಾಗ ಮಾತ್ರ ಹೀಟರ್‌ಗೆ ಕರೆಂಟ್ ಬಿಡೋ ಸ್ವಿಚ್) ವಿಷಯದಲ್ಲೇ ಜನ ಮೋಸ ಹೋಗೋದು: ಹೊರಗಿಟ್ಟಾಗ ಅದು ಓಪನ್ (ಕರೆಂಟ್ ಹರಿಯಲ್ಲ ಅಂತ) ತೋರಿಸೋದೇ ಸರಿ, ಒಳ್ಳೇದನ್ನೇ ಬಿಸಾಕಬೇಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ, ಉಪ್ಪು ಬೆರೆಸಿದ ಪುಡಿ ಐಸ್‌ನಲ್ಲಿ 10 ನಿಮಿಷ ಹೂತಿಟ್ಟು ನೋಡಿ. ಆಗಲೂ ಕಂಟಿನ್ಯುಟಿ (ಕರೆಂಟ್ ಹರಿಯೋ ಸೂಚನೆ) ಬರದಿದ್ದರೆ ಮಾತ್ರ ಬದಲಿಸಿ.

ಉತ್ತರ 3: ಫ್ಯೂಸ್ ಹೋಗಿದ್ದರೆ ನೇರ ತಂತಿ ಜೋಡಿಸಿ ಕೈತೊಳೆದುಕೊಳ್ಳಬೇಡಿ, ಹೀಟರ್ ಆಫ್ ಆಗದಿದ್ದರೆ ಪ್ಲಾಸ್ಟಿಕ್ ಸುಡಬಹುದು. ಕರಗಿದ ನೀರು ಹೊರಹೋಗೋ ಡ್ರೈನ್ ತೂತಿಗೆ ಒಂದು ಲೋಟ ಬೆಚ್ಚಗಿನ ನೀರು ಬಿಟ್ಟು ಹಿಂದಿನ ಟ್ರೇಗೆ ಇಳಿಯುತ್ತಾ ನೋಡಿ. ಐಸ್ ಪೂರ್ತಿ ಹೋದ ಮೇಲೂ ರೆಕ್ಕೆ ಬೆರಳಿಗೆ ಬಿಗಿಯಾಗಿದ್ದರೆ ಆಗ ಮೋಟಾರ್ ತನ್ನಿ. ಹಳೇದನ್ನು ಅಂಗಡಿಗೆ ಒಯ್ದು ವೋಲ್ಟೇಜ್, ಶಾಫ್ಟ್ ಉದ್ದ, ತಿರುಗೋ ದಿಕ್ಕು ಮೂರೂ ಹೊಂದಿಸಿಯೇ ಕೊಳ್ಳಿ.