ಎಂಟು ತಿಂಗಳ ಮಗುವಿಗೆ ಕೈಸನ್ನೆ ಕಲಿಸಿದರೆ ಮಾತು ತಡವಾಗುತ್ತದೆಯೇ?

ಪ್ರಶ್ನೆ (ಮಗುವಿನ ತಾಯಿ):
ನನ್ನ ಮಗಳಿಗೆ ಈಗ ಎಂಟು ತಿಂಗಳು. ಕಿವಿ ಚೆನ್ನಾಗಿ ಕೇಳುತ್ತದೆ. ಹಾಲು, ಸಾಕು, ಇನ್ನೂ ಬೇಕು ಎಂಬುದಕ್ಕೆಲ್ಲ ಒಂದೊಂದು ಸನ್ನೆ ಕಲಿಸಿದರೆ ಮಾತು ಬರುವ ಮುನ್ನವೇ ಮಗು ತನಗೆ ಬೇಕಾದುದನ್ನು ತಿಳಿಸಬಲ್ಲದು, ಬುದ್ಧಿಯೂ ಚುರುಕಾಗುತ್ತದೆ ಎಂದು ಓದಿದ್ದೇನೆ. ಆದರೆ ನಮ್ಮ ಅತ್ತೆಯವರು, ಕೈಯಲ್ಲೇ ಕೆಲಸ ನಡೆದುಹೋದರೆ ಮಗು ಬಾಯಿ ಏಕೆ ತೆರೆದೀತು ಎಂದು ಕೇಳುತ್ತಾರೆ. ಇದರಲ್ಲಿ ಯಾವುದು ನಿಜ?

ಉತ್ತರ (ವಾಕ್ ಚಿಕಿತ್ಸಕಿ):
ಅತ್ತೆಯವರ ಆತಂಕ ಸಹಜವಾದರೂ ಅದಕ್ಕೆ ಆಧಾರವಿಲ್ಲ; ನೀವು ಓದಿರುವ ಭರವಸೆಗಳಿಗೂ ಗಟ್ಟಿ ಆಧಾರವಿಲ್ಲ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ ಲಿಂಡಾ ಅಕ್ರೆಡೊಲೊ ಮತ್ತು ಸೂಸನ್ ಗುಡ್‌ವಿನ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಸನ್ನೆ ಕಲಿತ ಮಕ್ಕಳು ಭಾಷೆಯಲ್ಲಿ ತುಸು ಮುಂದಿದ್ದರೆಂದು ಹೇಳಿತ್ತು. ಆದರೆ 2013ರಲ್ಲಿ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ಶಿಶುಗಳನ್ನು ಎಂಟನೆಯ ತಿಂಗಳಿನಿಂದ ಇಪ್ಪತ್ತನೆಯ ತಿಂಗಳವರೆಗೆ ಗಮನಿಸಿದಾಗ, ಸನ್ನೆ ಕಲಿತವರ ಭಾಷಾ ಬೆಳವಣಿಗೆ ಉಳಿದವರಿಗಿಂತ ಹಿಂದೆಯೂ ಬೀಳಲಿಲ್ಲ, ಮುಂದೆಯೂ ಹೋಗಲಿಲ್ಲ. ಕಂಡುಬಂದ ವ್ಯತ್ಯಾಸ ತಾಯಂದಿರಲ್ಲಿ: ಸನ್ನೆ ಕಲಿಸುತ್ತಿದ್ದವರು ಮಗುವಿನ ಮಾತಿಲ್ಲದ ಸೂಚನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಕಲಿಸಲು ಅಷ್ಟೇ ಕಾರಣ ಸಾಕು. ದುಬಾರಿ ತರಗತಿಗಳಿಗೆ ಸೇರುವ ಅಗತ್ಯ ಖಂಡಿತ ಇಲ್ಲ.

ಉತ್ತರ (ಇಬ್ಬರು ಮಕ್ಕಳ ತಂದೆ):
ಎರಡೋ ಮೂರೋ ಸನ್ನೆಗಳಿಂದ ಆರಂಭಿಸಿ. ಸನ್ನೆ ಮಾಡುವಾಗಲೆಲ್ಲ ಆ ಪದವನ್ನು ಬಾಯಿಬಿಟ್ಟು ಹೇಳಿ. ಹಾಲು ಕುಡಿಸುವ ಹೊತ್ತಿನಲ್ಲೇ ಹಾಲಿನ ಸನ್ನೆ ಮಾಡಬೇಕೇ ಹೊರತು, ಪಾಠ ಹೇಳುವವರಂತೆ ಮಗುವನ್ನು ಎದುರಿಗೆ ಕೂರಿಸಿಕೊಂಡಲ್ಲ. ವಾರಗಟ್ಟಲೆ ಮಗು ನೋಡುತ್ತಲೇ ಇರುತ್ತದೆ, ಮರಳಿ ಏನನ್ನೂ ಮಾಡುವುದಿಲ್ಲ; ಆಗ ಬೇಸರಪಡಬೇಡಿ. ಬೆರಳುಗಳು ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲವಾದ್ದರಿಂದ ಮಗುವಿನ ಸನ್ನೆ ನಿಮ್ಮದರಂತೆ ಕಾಣದು. ನಮ್ಮ ಕಿರಿಯವನು 'ಇನ್ನೂ ಬೇಕು' ಎನ್ನಲು ಚಪ್ಪಾಳೆಯನ್ನೇ ತಟ್ಟುತ್ತಿದ್ದನು, ನಾವೂ ಅದನ್ನೇ ಒಪ್ಪಿಕೊಂಡೆವು. ಆದರೆ ಅಳು ನಿಲ್ಲುತ್ತದೆಂಬ ಆಸೆಯಿಂದ ಮಾತ್ರ ಕಲಿಸಬೇಡಿ: ಬೇಕೆಂದು ಕೇಳಿದ್ದನ್ನು ನೀವು ಕೊಡದಿದ್ದರೆ ಸನ್ನೆ ಬಲ್ಲ ಮಗುವೂ ಅಳುತ್ತದೆ.

ಉತ್ತರ (ಕಿವುಡ ತಾಯಿ):
ಇಲ್ಲಿ ಚರ್ಚೆಯಾಗುತ್ತಿರುವುದು ಬಿಡಿ ಸನ್ನೆಗಳ ಬಗ್ಗೆ. ಕಿವುಡ ಸಮುದಾಯಗಳ ಸನ್ನೆಭಾಷೆಗಳಾದರೋ ತಮ್ಮದೇ ವ್ಯಾಕರಣವುಳ್ಳ ಪೂರ್ಣ ಭಾಷೆಗಳು. ಅಮೆರಿಕದ ಸನ್ನೆಭಾಷೆಯ ರಚನೆಯನ್ನು ವಿಲಿಯಂ ಸ್ಟೋಕಿ 1960ರಲ್ಲೇ ವಿಶ್ಲೇಷಿಸಿ ತೋರಿಸಿದ್ದರು. ಇಂಥ ಭಾಷೆಯನ್ನು ಹುಟ್ಟಿನಿಂದ ಕಾಣುತ್ತ ಬೆಳೆಯುವ ಕಿವುಡ ಶಿಶುಗಳು ಕೈಯಲ್ಲೇ ತೊದಲುತ್ತವೆ ಎಂಬುದನ್ನು ಲಾರಾ ಆನ್ ಪೆಟಿಟೊ ಮತ್ತು ಪಾವ್ಲಾ ಮ್ಯಾರೆಂಟೆಟ್ 1991ರಲ್ಲಿ ದಾಖಲಿಸಿದರು. ಕಿವಿ ಕೇಳುವ ನನ್ನ ಮಗನಿಗೆ ಮನೆಯಲ್ಲಿ ನಮ್ಮ ಸನ್ನೆಭಾಷೆಯೂ ಅಜ್ಜ ಅಜ್ಜಿಯರ ಮಾತೂ ಒಟ್ಟಿಗೇ ದೊರೆತವು, ಎರಡೂ ಬಂದವು. ಕೇಳುವ ಮಗುವಿಗೆ ನಾಲ್ಕು ಸನ್ನೆಗಳು ಒಂದು ಅನುಕೂಲ ಮಾತ್ರ. ಕಿವುಡ ಮಗುವಿಗೆ ಆರಂಭದಿಂದಲೇ ಪೂರ್ಣ ಭಾಷೆ ಸಿಗದಿದ್ದರೆ ಆಗುವ ನಷ್ಟವನ್ನು ಮುಂದೆ ತುಂಬಿಸುವುದು ಬಹಳ ಕಷ್ಟ. ಕಲಿಯುವುದಾದರೆ ನಿಮ್ಮ ನಾಡಿನ ಕಿವುಡರು ಬಳಸುವ ಸನ್ನೆಗಳನ್ನೇ ಕಲಿಯಿರಿ ಎಂಬುದು ನನ್ನ ಕೋರಿಕೆ.

ಮರುಪ್ರಶ್ನೆ (ಮಗುವಿನ ತಾಯಿ):
ಎಲ್ಲರಿಗೂ ಧನ್ಯವಾದಗಳು. ಒಂದು ವೇಳೆ ಮಾತು ನಿಜವಾಗಿಯೂ ತಡವಾದರೆ, ಅದು ಸನ್ನೆಯಿಂದಲೋ ಬೇರೆ ಕಾರಣದಿಂದಲೋ ಎಂದು ತಿಳಿಯುವುದು ಹೇಗೆ?

ಉತ್ತರ (ವಾಕ್ ಚಿಕಿತ್ಸಕಿ):
ಸನ್ನೆಯೇ ಕಾರಣವೆಂದುಕೊಂಡು ಕಾಯುತ್ತ ಕೂರಬೇಡಿ. ಹನ್ನೆರಡು ತಿಂಗಳಾದರೂ ಮಗು 'ಬಬಬ' ಎಂಬಂತೆ ಉಲಿಯದಿದ್ದರೆ, ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವುದು ಮುಂತಾದ ಯಾವ ಸನ್ನೆಯನ್ನೂ ಮಾಡದಿದ್ದರೆ, ಅಥವಾ ಹದಿನಾರು ತಿಂಗಳಾದರೂ ಒಂದು ಪದವನ್ನೂ ಆಡದಿದ್ದರೆ ಮಕ್ಕಳ ತಜ್ಞರನ್ನು ಕಾಣಿರಿ. ಹಿಂದೊಮ್ಮೆ ಕಿವಿಯ ಪರೀಕ್ಷೆ ಸರಿಯಾಗಿದ್ದರೂ ಆಗ ಮತ್ತೆ ಮಾಡಿಸಿ, ಏಕೆಂದರೆ ಶ್ರವಣದೋಷವು ಹುಟ್ಟಿದ ನಂತರವೂ ಕಾಣಿಸಿಕೊಳ್ಳಬಹುದು. ಸನ್ನೆಗಳನ್ನು ನಿಲ್ಲಿಸುವ ಅಗತ್ಯವಿಲ್ಲ.