ಪದಚರ್ಚೆ: ಸಿನಿಮಾ ‘ಫ್ರಾಂಚೈಸ್’ಗೆ ‘ಸರಣಿ’ ಸಾಕೇ?

ಪ್ರಶ್ನೆ (ಹಾಸನ):
ಒಂದು ಸಿನಿಮಾದ ಕಥೆ ಕಾದಂಬರಿ, ಕಾಮಿಕ್ಸ್, ರೇಡಿಯೊ, ಗೇಮ್‌ಗಳಿಗೆಲ್ಲ ಹಬ್ಬುವುದನ್ನು ಕುರಿತ ಬರಹದಲ್ಲಿ ನಾಲ್ಕು ಪದ ತೊಡಕಾಗಿವೆ: ಫ್ರಾಂಚೈಸ್, ಪ್ರೀಕ್ವೆಲ್, ಸ್ಪಿನ್‌ಆಫ್, ರೀಬೂಟ್. ಕ್ರಮವಾಗಿ ಸರಣಿ, ಮುಂಗಥೆ, ಉಪಕಥೆ, ಮರುನಿರ್ಮಾಣ ಎಂದರೆ ನಡೆದೀತೇ?

ಉತ್ತರ 1 (ಚಿಕ್ಕಮಗಳೂರು):
‘ಸರಣಿ’ ಸಾಲದು. ಅದು ಒಂದರ ಹಿಂದೊಂದು ಬರುವ ಸಾಲು. ‘ಸ್ಟಾರ್ ವಾರ್ಸ್’ ತೆರೆಗೆ ಬಂದದ್ದು 1977ರ ಮೇನಲ್ಲಿ; ಅದರ ಕಾದಂಬರಿ 1976ರಲ್ಲೇ ಅಚ್ಚಾಗಿತ್ತು. 1981ರಲ್ಲಿ ಅದೇ ಕಥೆ 13 ಕಂತಿನ ರೇಡಿಯೊ ನಾಟಕವಾಯಿತು. ಇದರಲ್ಲಿ ಸಾಲೆಲ್ಲಿದೆ? ಕಥೆಯ ಮಾತಾಡುವಾಗ ‘ಕಥಾಬಳಗ’ ಎನ್ನಿ, ಬಳಗಕ್ಕೆ ಹಿಂದುಮುಂದಿನ ಹಂಗಿಲ್ಲ. ಹಕ್ಕು, ಪರವಾನಗಿ, ಆಟಿಕೆ ಮಾರಾಟದ ಮಾತು ಬಂದಲ್ಲಿ ‘ಫ್ರಾಂಚೈಸ್’ ಇರಲಿ. ಆದರೆ ‘ಫ್ರಾಂಚೈಸಿ’ ಬೇಡ. ಐಪಿಎಲ್ ವರದಿಗಳಿಂದ ಅಂಟಿಕೊಂಡ ಆ ‘ಸಿ’ಗೆ ಹಕ್ಕು ಪಡೆದವನು ಎಂಬ ಅರ್ಥವಿದೆ.

ಪ್ರೀಕ್ವೆಲ್, ಅಂದರೆ ಮೊದಲು ಬಂದ ಚಿತ್ರಕ್ಕಿಂತ ಹಿಂದಿನ ಕಾಲದ ಕಥೆ ಹೇಳುವ ಚಿತ್ರಕ್ಕೆ, ‘ಮುಂಗಥೆ’ಯಂತೂ ಬೇಡವೇ ಬೇಡ. ಮುಂಗಾರು, ಮುನ್ನುಡಿಗಳಲ್ಲಿ ‘ಮುಂ’ ಎಂದರೆ ಮೊದಲು. ಮುಂದಿನ ವಾರ, ಮುಂದಿನ ಕಂತು ಎಂದಾಗ ಆಮೇಲಿನದು. ‘ಹಿಂ’ ಕೂಡ ಹಾಗೆಯೇ: ಹಿಂದಿನ ದಿನ ಕಳೆದದ್ದು, ಹಿಂಗಾರು ಆಮೇಲೆ ಸುರಿಯುವುದು. ಓದುಗರಲ್ಲಿ ಅರ್ಧ ಜನ ತಿರುವುಮುರುವಾಗಿ ತಿಳಿಯುತ್ತಾರೆ. ಪೂರ್ವಕಥೆ, ಉತ್ತರಕಥೆ ಎಂದರೆ ಈ ಗೋಜಿಲ್ಲ. ಉತ್ತರಕಾಂಡ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಒಂದು ಎಚ್ಚರ: ಒಂದೇ ಸಿನಿಮಾದೊಳಗಿನ ಫ್ಲ್ಯಾಶ್‌ಬ್ಯಾಕನ್ನೂ ಕೆಲವರು ಪೂರ್ವಕಥೆ ಅನ್ನುತ್ತಾರೆ, ಆದ್ದರಿಂದ ಮೊದಲ ಸಲ ಬಳಸುವಾಗ ‘ಪೂರ್ವಕಥೆಯ ಚಿತ್ರ’ ಎಂದು ಬಿಡಿಸಿ ಬರೆಯಿರಿ. ಇಸವಿಯನ್ನೂ ಕೊಡಿ. ‘ಕೆಜಿಎಫ್’ನಲ್ಲಿ ಚಾಪ್ಟರ್ 1 (2018), ಚಾಪ್ಟರ್ 2 (2022) ಬಿಡುಗಡೆಯ ಕ್ರಮದಲ್ಲೇ ಇವೆ, ‘ಕಾಂತಾರ’ (2022) ಮೊದಲು ಬಂದು, ‘ಅಧ್ಯಾಯ 1’ ಅದರ ಹಿಂದಿನ ಕಾಲದ ಕಥೆಯಾಗಿ 2025ರಲ್ಲಿ ಬಂತು. ಇಸವಿಯಿಲ್ಲದೆ ‘ಮೊದಲ ಭಾಗ’ ಎಂದರೆ ಯಾವುದು?

‘ಉಪಕಥೆ’ ಹತ್ತಿರ ಬರುತ್ತದೆ, ಆದರೆ ಅದು ಮೂಲದ ಹೊಟ್ಟೆಯೊಳಗೇ ಇರುವಂಥದ್ದು. ನಮ್ಮ ಕಡೂರು ತಾಲ್ಲೂಕಿನ ದೇವನೂರಿನೊಂದಿಗೆ ಹೆಸರು ಬೆಸೆದ ಲಕ್ಷ್ಮೀಶನನ್ನೇ ನೋಡಿ. ‘ಜೈಮಿನಿ ಭಾರತ’ದೊಳಗಿರುವವರೆಗೆ ಚಂದ್ರಹಾಸನದು ಉಪಕಥೆ. ಅದೇ ಚಂದ್ರಹಾಸ ಯಕ್ಷಗಾನ ಪ್ರಸಂಗವಾಗಿ ಇಡೀ ರಾತ್ರಿ ಒಬ್ಬನೇ ರಂಗ ತುಂಬಿದರೆ ಸ್ಪಿನ್‌ಆಫ್. ಇದಕ್ಕೆ ‘ಕವಲುಕಥೆ’ ಒಪ್ಪುತ್ತದೆ.

ಉತ್ತರ 2 (ಸಕಲೇಶಪುರ):
ಕವಲುಕಥೆಗೆ ನನ್ನದೂ ಸಹಿ. ‘ಮರುನಿರ್ಮಾಣ’ವನ್ನು ರಿಮೇಕ್‌ಗೆ ಬಿಟ್ಟುಬಿಡಿ: ಅದೇ ಕಥೆ, ಬೇರೆ ನಟರು ಅಥವಾ ಬೇರೆ ಭಾಷೆ. ರೀಬೂಟ್‌ನಲ್ಲಿ ಪಾತ್ರ, ಲೋಕ ಉಳಿಯುತ್ತವೆ. ಹಿಂದಿನ ಚಿತ್ರಗಳ ಘಟನೆಗಳು ಲೆಕ್ಕಕ್ಕಿಲ್ಲ. ಮುದಿ ಕಾಫಿ ಗಿಡವನ್ನು ನೆಲದಿಂದ ಅಡಿಯೆತ್ತರಕ್ಕೆ ಓರೆಯಾಗಿ ಕೊಯ್ದು, ಆಮೇಲೆ ಹೊರಡುವ ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಬೆಳೆಸುತ್ತಾರಲ್ಲ, ಬೇರು ಹಳೆಯದು, ರೆಂಬೆಯೆಲ್ಲ ಹೊಸದು, ಹಾಗೆ. ‘ಮರುಚಿಗುರು’ ಎನ್ನಬಹುದು. ಪತ್ರಿಕೆಯ ತಲೆಬರಹಕ್ಕೆ ಸ್ವಲ್ಪ ಕಾವ್ಯ ಜಾಸ್ತಿಯಾಯಿತು ಅನ್ನಿಸಿದರೆ ‘ಹೊಸ ಆರಂಭ’ ಸಾಕು.

ನೀವು ಕೇಳದ ಇನ್ನೊಂದು ಪದ ನಿಮ್ಮ ಬರಹದಲ್ಲಿ ಬಂದೇ ಬರುತ್ತದೆ: ಕ್ಯಾನನ್, ಅಂದರೆ ಮುಖ್ಯ ಕಥೆಗೆ ಸೇರಿದ್ದೆಂದು ಹಕ್ಕುದಾರರು ಒಪ್ಪಿದ ಭಾಗ. 2014ರಲ್ಲಿ ‘ಸ್ಟಾರ್ ವಾರ್ಸ್’ನ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನು ‘ಲೆಜೆಂಡ್ಸ್’ ಎಂಬ ಹೆಸರಿನಡಿ ಬೇರೆ ಸರಿಸಿ, ಅವು ಮುಖ್ಯ ಕಥೆಗೆ ಸೇರಿದವಲ್ಲ ಎಂದು ಹಕ್ಕುದಾರರು ಹೇಳಿದರು. ಅಂಥವನ್ನು ‘ಪ್ರಕ್ಷಿಪ್ತ’ ಎನ್ನುವ ಆಸೆ ಹುಟ್ಟುತ್ತದೆ, ತಪ್ಪು. ಪ್ರಕ್ಷಿಪ್ತ ಎಂದರೆ ಕವಿಗೆ ತಿಳಿಯದೆ ಬೇರೆಯವರು ತುರುಕಿದ್ದು; ಇವು ಹಕ್ಕುದಾರರೇ ಪರವಾನಗಿ ಕೊಟ್ಟು ಬರೆಸಿದವು. ಒಳಗಿನದಕ್ಕೆ ‘ಪ್ರಮಾಣಕಥೆ’, ಸರಿಸಿಟ್ಟದ್ದಕ್ಕೆ ‘ಹೊರಗಥೆ’ ಎಂದು ನನ್ನ ಸಲಹೆ. ‘ಹೊರಗಥೆ’ಗಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.