ಇಲಿಶ್ ಕಡಲಿನ ಮೀನೋ, ಹೊಳೆಯ ಮೀನೋ?

ಪ್ರಶ್ನೆ:
ಕಳೆದ ಶ್ರಾವಣದಲ್ಲಿ ರಾಜಮಹೇಂದ್ರಿಯಲ್ಲಿದ್ದಾಗ, ಗೋದಾವರಿಯ ದಂಡೆಯಲ್ಲಿ ಪುಲಸ ಮೀನಿಗಾಗಿ ಜನ ಮುಗಿಬೀಳುವುದನ್ನು ಕಂಡೆ. ತಾಳಿ ಮಾರಿಯಾದರೂ ಪುಲಸ ತಿನ್ನಬೇಕೆಂಬ ಗಾದೆಯೇ ಅಲ್ಲಿದೆ. ಬಂಗಾಳಿಗಳ ಇಲಿಶ್ ಕೂಡ ಇದೇ ಮೀನು ಎನ್ನುತ್ತಾರೆ. ಕಡಲಿನಲ್ಲಿ ಹಿಡಿದ ಇದೇ ಮೀನಿಗೆ ಅಷ್ಟು ಬೆಲೆ ಇಲ್ಲವಂತೆ. ಹಾಗಾದರೆ ಇದರ ನಿಜವಾದ ನೆಲೆ ಯಾವುದು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಇದರ ಬಾಳು ಉಪ್ಪುನೀರು, ಸಿಹಿನೀರು ಎರಡರಲ್ಲೂ ಹಂಚಿಹೋಗಿದೆ. ಬೆಳೆಯುವುದು ಬಂಗಾಳ ಕೊಲ್ಲಿಯಲ್ಲಿ. ಮುಂಗಾರಿನ ಕೆಂಪುನೀರು ಕಡಲು ಸೇರತೊಡಗಿದಾಗ, ಅದರ ಸೆಳವಿಗೆ ಎದುರಾಗಿ ಗೋದಾವರಿ, ಪದ್ಮಾ, ಮೇಘನಾ, ಮ್ಯಾನ್ಮಾರಿನ ಐರಾವತಿಯಂತಹ ನದಿಗಳನ್ನು ಏರಿ ಬಂದು ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ಮೀನು ತನ್ನ ಗಾತ್ರಕ್ಕೆ ತಕ್ಕಂತೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡುತ್ತದೆ, ಅವು ಸುಮಾರು ಒಂದು ದಿನದಲ್ಲೇ ಒಡೆಯುತ್ತವೆ. ಮರಿಗಳು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತಾ ಕೆಲವು ತಿಂಗಳು ನದಿ ಮತ್ತು ಅಳಿವೆಗಳಲ್ಲೇ ಬೆಳೆದು, ಆಮೇಲೆ ಕಡಲಿಗೆ ಇಳಿಯುತ್ತವೆ. ಪೆಸಿಫಿಕ್ ಸಾಲ್ಮನ್ ಮೀನು ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ, ಇದು ಹಾಗಲ್ಲ, ಕಡಲಿಗೆ ಮರಳುತ್ತದೆ. ಏರುವ ದಾರಿಯಲ್ಲಿ ಕಡಿಮೆ ತಿನ್ನುವುದರಿಂದ, ಕಡಲಿನಲ್ಲಿ ಕೂಡಿಟ್ಟ ಕೊಬ್ಬೇ ಅದಕ್ಕೆ ಬುತ್ತಿ. ಹೊಳೆಯ ಮೀನಿನ ರುಚಿಯೇ ಬೇರೆ ಎಂದು ತಿಂದವರು ಹೇಳುತ್ತಾರೆ. ಅದು ಸಿಗುವುದೂ ವರ್ಷದ ಕೆಲವೇ ವಾರಗಳು.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಆದರೆ ಆ ದಾರಿಯೇ ಇಂದು ತುಂಡಾಗಿದೆ ಎಂಬುದನ್ನು ಸೇರಿಸಲೇಬೇಕು. ಹಿಂದೆ ಇಲಿಶ್ ಗಂಗೆಯಲ್ಲಿ ಅಲಹಾಬಾದಿನವರೆಗೂ, ಅದರಾಚೆಗೂ ಏರುತ್ತಿತ್ತು. 1975ರಲ್ಲಿ ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾ ಬ್ಯಾರೇಜು ಕಾರ್ಯಾರಂಭ ಮಾಡಿದ ಮೇಲೆ ಬಿಹಾರ, ಉತ್ತರಪ್ರದೇಶಗಳ ಮೀನುಗಾರರ ಬಲೆಗೆ ಅದು ಬೀಳುವುದೇ ಅಪರೂಪವಾಯಿತು. ಒಂದೇ ಒಂದು ಅಡ್ಡಗಟ್ಟೆಯಿಂದ ನೂರಾರು ಮೈಲಿ ನದಿಯ ಜನರು ತಮ್ಮ ಮೀನನ್ನು ಕಳೆದುಕೊಂಡರೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಗೋದಾವರಿಯಲ್ಲೂ ಧವಳೇಶ್ವರದ ಅಡ್ಡಗಟ್ಟೆ ಪುಲಸದ ದಾರಿಗೆ ಅಡ್ಡವಾಗಿದೆ.

ಉತ್ತರ 3:
ಅಣೆಕಟ್ಟಿನಷ್ಟೇ ಬಲೆಯ ಕಣ್ಣಿನ ಗಾತ್ರವೂ ಮುಖ್ಯ, ಕಣ್ಣು ಚಿಕ್ಕದಾದರೆ ಮರಿಗಳೂ ಸಿಕ್ಕಿಬೀಳುತ್ತವೆ. ಬಾಂಗ್ಲಾದೇಶದಲ್ಲಿ 25 ಸೆಂಟಿಮೀಟರಿಗಿಂತ ಚಿಕ್ಕ ಇಲಿಶ್ ಅನ್ನು ಜಾಟ್ಕಾ ಎನ್ನುತ್ತಾರೆ. ನವೆಂಬರಿನಿಂದ ಜೂನ್‌ವರೆಗೆ ಅದನ್ನು ಹಿಡಿಯುವಂತಿಲ್ಲ. ಆಶ್ವಯುಜದ ಹುಣ್ಣಿಮೆಯ ಆಸುಪಾಸಿನಲ್ಲಿ ಮೊಟ್ಟೆಯಿಡುವಿಕೆ ಹೆಚ್ಚಾಗಿರುವುದರಿಂದ, ಆ ದಿನಗಳಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ, 22 ದಿನ ಇಲಿಶ್ ಬೇಟೆಯನ್ನೇ ನಿಲ್ಲಿಸಿ, ಮೀನುಗಾರ ಕುಟುಂಬಗಳಿಗೆ ಸರ್ಕಾರ ಅಕ್ಕಿ ಕೊಡುತ್ತದೆ. ಹೊಟ್ಟೆಗೆ ದಾರಿ ತೋರಿಸದೆ ಬಲೆ ಕಟ್ಟಿಡಿ ಎಂದರೆ ಯಾರೂ ಕೇಳಲಾರರು, ಆದ್ದರಿಂದ ಈ ಅಕ್ಕಿಯನ್ನು ನಾನು ನಿಷೇಧದಷ್ಟೇ ಮುಖ್ಯವೆಂದು ಭಾವಿಸುತ್ತೇನೆ. ಪ್ರಶ್ನೆ ಕೇಳಿದವರು ಕಂಡ ಪುಲಸವೂ ಮೊಟ್ಟೆಯಿಡಲೆಂದೇ ಹೊರಟು ಬಂದ ಮೀನು.